ಮಂಡಿ ದರ ನೇರವಾಗಿ ಡ್ಯಾಶ್‌ಬೋರ್ಡಿಗೆ: ಕನೆಕ್ಟರ್ ನಾವೇ ಬರೆದುಕೊಳ್ಳೋಣ

ದಾವಣಗೆರೆಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವವರೋ, ಚಳ್ಳಕೆರೆಯಲ್ಲಿ ಶೇಂಗಾ ಖರೀದಿ ಮಾಡುವವರೋ ದಿನಾ ದರಗಳನ್ನು ಎಕ್ಸೆಲ್‌ಗೆ ಕೈಯಲ್ಲೇ ಹಾಕುತ್ತಾ ಕೂರಬೇಕಾಗಿಲ್ಲ. ತಿಂಗಳಿಗಿಷ್ಟು ಅಂತ ದುಡ್ಡು ಕೊಟ್ಟು ಕನೆಕ್ಟರ್ ತಗೊಳ್ಳೋದೂ ಬೇಡ. ಚಾರ್ಟ್, ಡ್ಯಾಶ್‌ಬೋರ್ಡ್ ಮಾಡುವ ಗೂಗಲ್‌ನ ಲುಕರ್ ಸ್ಟುಡಿಯೊಗೆ ಹೊರಗಿನ ಡೇಟಾ ತರುವ ಕನೆಕ್ಟರನ್ನು, ಬ್ರೌಸರ್‌ನಲ್ಲೇ ಕೋಡ್ ಬರೆಯುವ ಸೌಲಭ್ಯವಾದ ಗೂಗಲ್ ಆಪ್ಸ್ ಸ್ಕ್ರಿಪ್ಟ್‌ನಲ್ಲಿ ನಾವೇ ಬರೆಯಬಹುದು, ಮಾದರಿ ಕೋಡ್ ಗಿಟ್‌ಹಬ್‌ನಲ್ಲಿ ಓಪನ್ ಸೋರ್ಸ್ ಆಗಿ ಸಿಗುತ್ತದೆ.

ಡೇಟಾ ಎಲ್ಲಿಂದ? ಕೇಂದ್ರ ಸರ್ಕಾರದ ಡೇಟಾ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಮಂಡಿಗಳ ದಿನದ ದರದ ಎಪಿಐ (ಪ್ರೋಗ್ರಾಮ್ ಡೇಟಾ ಕೇಳಿ ಪಡೆಯುವ ದಾರಿ) ಇದೆ. ಖಾತೆ ತೆರೆದು ಅದನ್ನು ಬಳಸಲು ಬೇಕಾದ ಸ್ವಂತ ಕೀ (ಗುಪ್ತ ಸಂಕೇತ) ತಗೊಳ್ಳಿ. ಅಲ್ಲಿ ತೋರಿಸುವ ಸ್ಯಾಂಪಲ್ ಕೀಗೆ ಒಮ್ಮೆಗೆ 10 ಸಾಲು ಮಾತ್ರ ಬರುತ್ತದೆ, ಅದನ್ನೇ ಹಾಕಿಕೊಂಡು ಡೇಟಾ ಕಮ್ಮಿ ಇದೆ ಅಂದ್ಕೋಬೇಡಿ. ಇನ್ನೊಂದು, ಊರಿನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್. ದಾವಣಗೆರೆಯನ್ನು ಒಬ್ಬೊಬ್ಬರು ಒಂದೊಂದು ಥರ ಬರೀತಾರೆ ಅಲ್ವಾ, ಆದ್ದರಿಂದ ಮೊದಲು ಇಡೀ ಕರ್ನಾಟಕದ ಸಾಲುಗಳನ್ನು ತರಿಸಿ ನೋಡಿ, ಅಲ್ಲಿ ಹೇಗಿದೆಯೋ ಹಾಗೇ ಫಿಲ್ಟರ್‌ಗೆ ಹಾಕಿ.

ಈಗ ಹೊಸ ಸ್ಕ್ರಿಪ್ಟ್ ಪ್ರಾಜೆಕ್ಟ್ ತೆರೆಯಿರಿ. ಸೆಟ್ಟಿಂಗ್ಸ್‌ನಲ್ಲಿ ಮ್ಯಾನಿಫೆಸ್ಟ್ ಫೈಲ್ (ಪ್ರಾಜೆಕ್ಟಿನ ವಿವರ ಇರುವ ಫೈಲ್) ಕಾಣುವಂತೆ ಟಿಕ್ ಮಾಡಿ, ಅದರಲ್ಲಿ ಡೇಟಾ ಸ್ಟುಡಿಯೊ ಎಂಬ ಭಾಗ ಸೇರಿಸಿ. 2022ರಲ್ಲಿ ಉತ್ಪನ್ನದ ಹೆಸರು ಲುಕರ್ ಸ್ಟುಡಿಯೊ ಆದರೂ ಕೋಡ್ ಒಳಗೆ ಹಳೇ ಹೆಸರೇ ಉಳಿದಿದೆ. ಬರೆಯಬೇಕಾದ ಫಂಕ್ಷನ್ 4: ಗೆಟ್ ಆಥ್ ಟೈಪ್ (ಲಾಗಿನ್ ಬಗೆ), ಗೆಟ್ ಕಾನ್ಫಿಗ್ (ಬಳಸುವವರ ಆಯ್ಕೆಗಳು), ಗೆಟ್ ಸ್ಕೀಮಾ (ಯಾವ ಯಾವ ಕಾಲಂ), ಗೆಟ್ ಡೇಟಾ (ಡೇಟಾ ಕೊಡುವುದು). ಮೊದಲನೆಯದಕ್ಕೆ ‘NONE’, ಅಂದರೆ ಲಾಗಿನ್ ಬೇಡ, ಅಂತ ಕೊಟ್ಟರೆ ಸಾಕು. ಎಪಿಐ ಕೀಯನ್ನು ಕೋಡ್‌ನಲ್ಲಿ ಬರೆಯದೆ ಸ್ಕ್ರಿಪ್ಟ್ ಪ್ರಾಪರ್ಟೀಸ್‌ನಲ್ಲಿ ಇಡಿ. ಕಾನ್ಫಿಗ್‌ನಲ್ಲಿ ಮಾರುಕಟ್ಟೆ, ಬೆಳೆ ಆರಿಸಲು ಜಾಗ ಕೊಡಿ.

ಕೈಕೊಡುವುದು ಹೆಚ್ಚಾಗಿ ಗೆಟ್ ಡೇಟಾದಲ್ಲೇ. ಚಾರ್ಟ್ ಯಾವ ಫೀಲ್ಡ್‌ಗಳನ್ನು ಕೇಳಿದೆಯೋ ಅಷ್ಟನ್ನೇ, ಅದರ ಜೊತೆ ಕಳಿಸುವ ಸ್ಕೀಮಾದ ಕ್ರಮದಲ್ಲೇ ಕೊಡಬೇಕು, ಇಲ್ಲದಿದ್ದರೆ ಕನಿಷ್ಠ ದರದ ಕಾಲಂನಲ್ಲಿ ಗರಿಷ್ಠ ದರ ಬಂದು ಕೂತು ಯಾರಿಗೂ ಗೊತ್ತೇ ಆಗುವುದಿಲ್ಲ. ತಾರೀಖು ಎಪಿಐಯಿಂದ ದಿನ, ತಿಂಗಳು, ವರ್ಷ ಅಂತ ಬರುತ್ತದೆ. ಲುಕರ್ ಸ್ಟುಡಿಯೊಗೆ ಬೇಕಾಗಿದ್ದು ಉಲ್ಟಾ, 20250114 ಥರ, ನಡುವೆ ಗೆರೆಯಿಲ್ಲದೆ. ದರಗಳನ್ನು ಸಂಖ್ಯೆಯಾಗಿ ಬದಲಿಸುವುದನ್ನೂ ಮರೀಬೇಡಿ, ಅವೆಲ್ಲ ಕ್ವಿಂಟಲ್ ಲೆಕ್ಕದ ರೂಪಾಯಿ.

ಪ್ರತಿ ಚಾರ್ಟೂ ತನ್ನ ಪಾಡಿಗೆ ಡೇಟಾ ಕೇಳುತ್ತದೆ. ಪ್ರತಿ ಸಲ ಸುಮ್ನೆ ಎಪಿಐಗೆ ಹೊಡೆಯುವ ಬದಲು ಬಂದ ಡೇಟಾವನ್ನು ಆಪ್ಸ್ ಸ್ಕ್ರಿಪ್ಟ್‌ನ ತಾತ್ಕಾಲಿಕ ಸಂಗ್ರಹವಾದ ಕ್ಯಾಶ್ ಸರ್ವಿಸ್‌ನಲ್ಲಿ ಇಡಿ, ಅಲ್ಲಿ ಗರಿಷ್ಠ 6 ಗಂಟೆ ಇರುತ್ತದೆ, ಒಂದು ಹೆಸರಿನಡಿ ಇಡುವ ಡೇಟಾಗೆ 100 ಕೆಬಿ ಮಿತಿ.

ಟೆಸ್ಟ್ ಡಿಪ್ಲಾಯ್‌ಮೆಂಟ್ಸ್‌ನಲ್ಲಿ ಸಿಗುವ ಐಡಿಯನ್ನು ಲುಕರ್ ಸ್ಟುಡಿಯೊದಲ್ಲಿ ಹಾಕಿ ಪರೀಕ್ಷೆ ಮಾಡಿ. ಬೇರೆಯವರಿಗೆ ಕೊಡುವಾಗ ಬಳಕೆಗೆ ಬಿಡುವ ಆವೃತ್ತಿಯಾಗಿ ಹೊಸ ಡಿಪ್ಲಾಯ್‌ಮೆಂಟ್ ಮಾಡಿ.

ಒಂದು ಮಾತು ಮೊದಲೇ ಗೊತ್ತಿರಲಿ: ಈ ಎಪಿಐ ಆಯಾ ದಿನದ ದರ ಕೊಡುತ್ತದೆ, ಹಿಂದಿನ ತಿಂಗಳದ್ದಲ್ಲ. ಏರಿಳಿತ ನೋಡಬೇಕೆಂದರೆ ದಿನಾ ರಾತ್ರಿ ಸ್ಕ್ರಿಪ್ಟ್ ತಾನಾಗಿ ಓಡುವಂತೆ ಟ್ರಿಗರ್ ಇಟ್ಟು ಗೂಗಲ್ ಶೀಟ್‌ಗೆ ಸಾಲು ಸೇರಿಸುತ್ತಾ ಹೋಗಿ. ನೀವೊಬ್ಬರೇ ನೋಡುವುದಾದರೆ, ನಿಜ ಹೇಳಬೇಕೆಂದರೆ, ಆ ಶೀಟ್ ಮತ್ತು ಲುಕರ್ ಸ್ಟುಡಿಯೊದಲ್ಲೇ ಇರುವ ಶೀಟ್ಸ್ ಕನೆಕ್ಟರ್ ಸಾಕು. ನಾಲ್ಕಾರು ಜನ ತಮ್ಮ ತಮ್ಮ ಮಾರುಕಟ್ಟೆ ಆರಿಸಿಕೊಳ್ಳಬೇಕಾದಾಗಲೇ ಸ್ವಂತ ಕನೆಕ್ಟರ್ ಮಾಡುವುದರಲ್ಲಿ ಅರ್ಥ.

ಬೇರೆಯವರು ಬರೆದದ್ದನ್ನು ಹಾಕುವುದಾದರೆ ಅದು ಕೇಳುವ ಅನುಮತಿಗಳನ್ನು ಓದಿ. ಬರೀ ದರ ತರುವ ಕನೆಕ್ಟರ್‌ಗೆ ಹೊರಗಿನ ಸರ್ವರ್ ಸಂಪರ್ಕಿಸುವ ಅನುಮತಿ ಸಾಕು. ನಿಮ್ಮ ಜಿಮೇಲೋ ಡ್ರೈವೋ ಕೇಳಿದರೆ ಮುಂದೆ ಒತ್ತಬೇಡಿ.