ಬಾವಿ ನೀರಿನ ಉಪ್ಪಿನ ಲೆಕ್ಕ: ಹತ್ತಾರು ಕೈಗಳ ಬರಹವನ್ನು ಒಂದು ಕಡೆ ಕೂಡಿಸಿದ ಬಗೆ

ಉತ್ತರ ಕನ್ನಡದ ಕುಮಟಾದ ಹತ್ತಿರ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಯ ಊರುಗಳಲ್ಲಿ ಬೇಸಿಗೆ ಬಂತೆಂದರೆ ಕೆಲವು ಬಾವಿ ಉಪ್ಪಾಗುತ್ತವೆ. ಯಾವ ಬಾವಿ, ಯಾವ ತಿಂಗಳು ಎಂಬುದು ಆಯಾ ಮನೆಯವರಿಗೆ ನಾಲಿಗೆಯಲ್ಲೇ ಗೊತ್ತು. ಕಷ್ಟ ಇರುವುದು ಆ ತಿಳಿವಳಿಕೆಯನ್ನು ಊರೂರಿನಿಂದ ತಂದು ಒಂದೇ ಪಟ್ಟಿಯಲ್ಲಿ ಕೂರಿಸುವುದರಲ್ಲಿ. ಮಾಸೂರಿನ ಅಳತೆ ಪುಸ್ತಕದಲ್ಲಿ ಬರೆದ ಉಪ್ಪಿನ ಅಂಕಿ 600 ಮತ್ತು ಮಿರ್ಜಾನಿನ ಪುಸ್ತಕದ 600 ಒಂದೇ ಆಗಿರಬೇಕಲ್ಲ? ಹೆಚ್ಚಿನ ಸಲ ಆಗಿರುವುದಿಲ್ಲ. ಅಳೆಯುವುದನ್ನು ಅರ್ಧ ದಿನದಲ್ಲಿ ಕಲಿಸಬಹುದು. ಅಳೆದದ್ದನ್ನು ಮೂರು ವರ್ಷದ ನಂತರ ಬೇರೆ ಊರಿನವರು ನೋಡಿದರೂ ಅರ್ಥವಾಗುವಂತೆ ಇಡುವುದೇ ನಿಜವಾದ ದುಡಿತ. ಇಲ್ಲಿ ಬರೆದಿರುವುದು ಅದರ ಬಗ್ಗೆ.

ಮೊದಲ ಕೆಲಸ ಬಾವಿಗೆ ನಂಬರು ಕೊಡುವುದು. ಹೆಸರು ಸಾಲದು. ‘ನಾಯ್ಕರ ಬಾವಿ’, ‘ಪಟಗಾರರ ಬಾವಿ’ ಎಂದರೆ ಒಂದೇ ಕೇರಿಯಲ್ಲಿ ನಾಲ್ಕು ಸಿಗುತ್ತವೆ. ಊರಿನ ಮೊದಲ ಅಕ್ಷರ ಹಾಕಿ ನೋಡಿದೆವು; ಮಾಸೂರು, ಮಾಣಿಕಟ್ಟ ಎರಡೂ ‘ಮಾ’, ಹೆಗಡೆ, ಹೆರವಟ್ಟಾ ಎರಡೂ ‘ಹೆ’. ಕೊನೆಗೆ ಬರೀ ಅಂಕಿಯೇ ಗಟ್ಟಿ ಎಂದಾಯಿತು: ಒಂದೂರಿಗೆ 101ರಿಂದ 199, ಇನ್ನೊಂದಕ್ಕೆ 201ರಿಂದ 299. ಒಮ್ಮೆ ಕೊಟ್ಟ ನಂಬರು ಮತ್ತೆ ಬೇರೆ ಬಾವಿಗೆ ಹೋಗಬಾರದು. ಬಾವಿ ಮುಚ್ಚಿದರೂ ನಂಬರು ಖಾಲಿಯಾಗುವುದಿಲ್ಲ, ‘ಮುಚ್ಚಿದೆ’ ಎಂಬ ಷರಾ ಮತ್ತು ತಾರೀಕು ಸೇರುತ್ತದೆ, ಅಷ್ಟೆ. ನಂಬರನ್ನು ಬಾವಿಯ ಒಳಗೋಡೆಯ ಕಲ್ಲಿನ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದು, ಪಕ್ಕದಲ್ಲೇ ಒಂದು ಅಡ್ಡಗೆರೆ ಎಳೆಯಬೇಕು. ನೀರಿನ ಆಳ ಅಳೆಯುವುದು ಆ ಗೆರೆಯಿಂದ, ಕಟ್ಟೆಯ ಮೇಲಂಚಿನಿಂದ ಅಲ್ಲ. ಕಟ್ಟೆಯನ್ನು ಜನ ಎರಡು ವರ್ಷಕ್ಕೊಮ್ಮೆ ಗಾರೆ ಹಾಕಿ ಏರಿಸುತ್ತಾರೆ, 30 ಸೆಂ.ಮೀ. ಏರಿಸಿದರೆ ಲೆಕ್ಕದಲ್ಲಿ ನೀರು 30 ಸೆಂ.ಮೀ. ಕೆಳಗೆ ಹೋದ ಹಾಗೆ ಕಾಣುತ್ತದೆ, ಬಾವಿಯಲ್ಲಿ ಏನೂ ಆಗಿರುವುದಿಲ್ಲ.

ಮೊಬೈಲಿನ ಜಿಪಿಎಸ್ ಅಂಕಿ ಬರೆಯುವಾಗ ಆಗುವ ತಪ್ಪು ಯಾವಾಗಲೂ ಒಂದೇ ತರಹದ್ದು. 14 ಡಿಗ್ರಿ 25 ಮಿನಿಟ್ 30 ಸೆಕೆಂಡ್ ಎಂಬುದನ್ನು ದಶಮಾಂಶದಲ್ಲಿ ಬರೆದರೆ 14.4250. ಇದನ್ನೇ ಯಾರೋ 14.2530 ಎಂದು ಬರೆಯುತ್ತಾರೆ, ರೇಖಾಂಶಕ್ಕೂ ಹಾಗೇ ಮಾಡುತ್ತಾರೆ. ನಕಾಶೆ ತೆರೆದರೆ ಕುಮಟಾ ಪೇಟೆಯ ಬಾವಿ ಹೊನ್ನಾವರದಾಚೆ ಅರಬ್ಬಿ ಸಮುದ್ರದಲ್ಲಿ ತೇಲುತ್ತಿರುತ್ತದೆ. ಸಮುದ್ರಕ್ಕೆ ಬಿದ್ದರೆ ಒಳ್ಳೆಯದೇ, ಕಣ್ಣಿಗೆ ಬೀಳುತ್ತದೆ; ಪಕ್ಕದೂರಿಗೆ ಬಿದ್ದರೆ ಸಿಗುವುದಿಲ್ಲ. ಅದಕ್ಕೆ ಫೋನಿನಲ್ಲಿ ದಶಮಾಂಶದ ಆಯ್ಕೆ ಮೊದಲೇ ಮಾಡಿಸಬೇಕು, ಐದು ದಶಮಾಂಶ ಸ್ಥಾನ ಬರೆಸಬೇಕು. ಅಕ್ಷಾಂಶ 14.40–14.60, ರೇಖಾಂಶ 74.30–74.50 ದಾಟಿದ ಸಾಲು ತಾನಾಗಿ ಕೆಂಪಾಗುವಂತೆ ಕಂಪ್ಯೂಟರಿನ ಶೀಟಿನಲ್ಲಿ (ಎಲ್ಲ ಅಳತೆ ಸೇರಿಸುವ ಪಟ್ಟಿಯಲ್ಲಿ) ನಿಯಮ ಹಾಕಿಟ್ಟರೆ ದೊಡ್ಡ ತಪ್ಪು ಅಲ್ಲೇ ನಿಲ್ಲುತ್ತದೆ. ಅಡಕೆ, ತೆಂಗಿನ ತೋಟದ ನಡುವೆ ಫೋನು ಹತ್ತಿಪ್ಪತ್ತು ಮೀಟರು ತಪ್ಪು ಹೇಳಬಹುದು. ಬಯಲಿಗೆ ಬಂದು ನಕಾಶೆಯಲ್ಲಿ ಕೈಯಿಂದ ಗುರುತಿಸುವುದೇ ಮೇಲು.

ಇನ್ನು ಪೆನ್ನು. ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಘನವಸ್ತು) ತೋರಿಸುವ ಪೆನ್ನು ಉಪ್ಪನ್ನು ತೂಗುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿ, ಅದನ್ನು ಒಂದು ಗುಣಕದಿಂದ ಗುಣಿಸಿ ಪಿಪಿಎಂ (ಲೀಟರಿಗೆ ಇಷ್ಟು ಮಿ.ಗ್ರಾಂ) ಎಂದು ತೋರಿಸುತ್ತದೆ. ಒಂದು ಕಂಪನಿಯ ಗುಣಕ 0.5, ಇನ್ನೊಂದರದು 0.7. ವಾಹಕತೆ, ಅಂದರೆ ವಿದ್ಯುತ್ ಹರಿಯುವ ಸಲೀಸು, ಸೆಂ.ಮೀ.ಗೆ 1000 ಮೈಕ್ರೊಸೀಮೆನ್ಸ್ ಇರುವ ಒಂದೇ ಕೊಡದ ನೀರಿಗೆ ಮೊದಲ ಪೆನ್ನು 500 ಎನ್ನುತ್ತದೆ, ಎರಡನೆಯದು 700. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500:2012ರಲ್ಲಿ ಕರಗಿದ ಘನವಸ್ತುವಿನ ಸ್ವೀಕಾರಾರ್ಹ ಮಿತಿ ಲೀಟರಿಗೆ 500 ಮಿ.ಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ. ಅಂದರೆ ಒಂದೇ ಬಾವಿ ಒಂದು ಪೆನ್ನಿನಲ್ಲಿ ಪಾಸು, ಇನ್ನೊಂದರಲ್ಲಿ ನಪಾಸು. ಊರೂರಿನವರು ಬೇರೆ ಬೇರೆ ಅಂಗಡಿಯ ಪೆನ್ನು ತಂದಾಗ ಪಟ್ಟಿ ಕೆಡುವುದು ಇಲ್ಲಿಂದಲೇ.

ಪೆನ್ನಿನಲ್ಲಿ ಮೈಕ್ರೊಸೀಮೆನ್ಸ್ ತೋರಿಸುವ ಗುಂಡಿ ಇದ್ದರೆ ಅದನ್ನೇ ಬರೆಸಬೇಕು. ಇಲ್ಲದಿದ್ದರೆ 1413 ಮೈಕ್ರೊಸೀಮೆನ್ಸಿನ ದ್ರಾವಣದಲ್ಲಿ ಅದ್ದಿ ಗುಣಕ ಕಂಡುಹಿಡಿಯಬೇಕು: 707ರ ಹತ್ತಿರ ತೋರಿಸಿದರೆ 0.5, 990ರ ಹತ್ತಿರವಾದರೆ 0.7. ದ್ರಾವಣ ಪೇಟೆಯಲ್ಲಿ ಸಿಗುತ್ತದೆ. ಮಾಡಿಕೊಳ್ಳುವುದಾದರೆ ಪೊಟ್ಯಾಸಿಯಂ ಕ್ಲೋರೈಡ್ 0.746 ಗ್ರಾಂ, ಭಟ್ಟಿ ಇಳಿಸಿದ ನೀರು ಸೇರಿಸಿ ಒಟ್ಟು ಒಂದು ಲೀಟರು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಅಂಕಿ ಬರುತ್ತದೆ. ಅಷ್ಟು ಸಣ್ಣ ತೂಕಕ್ಕೆ ಕಾಲೇಜಿನ ಪ್ರಯೋಗಾಲಯದ ತಕ್ಕಡಿಯೇ ಬೇಕು. ಬ್ಯಾಟರಿ ಅಂಗಡಿಯ ನೀರು ನಡೆಯುತ್ತದೆ, ಆದರೆ ಮೊದಲು ಅದನ್ನೇ ಅಳೆದು ನೋಡಿ. 5ಕ್ಕಿಂತ ಹೆಚ್ಚು ತೋರಿಸಿದರೆ ಬೇಡ. ತಿಂಗಳಿಗೊಮ್ಮೆ ಎಲ್ಲ ಪೆನ್ನುಗಳನ್ನೂ ಒಂದೇ ಬಕೆಟ್ ನೀರಿಗೆ ಅದ್ದಿ ಯಾವುದು ಎಷ್ಟು ಹೇಳುತ್ತದೆ ಎಂದು ಬರೆದಿಡುತ್ತೇವೆ. ನಮ್ಮಲ್ಲಿ ಅದಕ್ಕೆ ‘ಪೆನ್ನುಗಳ ಪಂಚಾಯ್ತಿಕೆ’ ಎಂದೇ ಹೆಸರು. ಪ್ರತಿ ಪೆನ್ನಿಗೂ ಉಗುರುಬಣ್ಣದಲ್ಲಿ ನಂಬರು ಬರೆದಿರಬೇಕು, ಅಳತೆಯ ಸಾಲಿನಲ್ಲಿ ಆ ನಂಬರು ಇರಲೇಬೇಕು. ಒಂದು ಪೆನ್ನು ಮಾರ್ಚಿನಿಂದ ತಪ್ಪು ಹೇಳುತ್ತಿತ್ತು ಎಂದು ಮೇ ತಿಂಗಳಲ್ಲಿ ಗೊತ್ತಾದರೆ, ಆ ಪೆನ್ನಿನ ಸಾಲುಗಳನ್ನಷ್ಟೇ ಬೇರ್ಪಡಿಸಬಹುದು. ನಂಬರು ಇಲ್ಲದಿದ್ದರೆ ಇಡೀ ಬೇಸಿಗೆಯ ಲೆಕ್ಕ ಅನುಮಾನದ್ದಾಗುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಸಣ್ಣದು, ಹಾನಿ ಮಾತ್ರ ದೊಡ್ಡದು. ಅಗ್ಗದ ಪೆನ್ನಿನಲ್ಲಿ ಮೂರೇ ಅಂಕಿ ಕಾಣುತ್ತವೆ. 999 ದಾಟಿದರೆ ಮೂಲೆಯಲ್ಲಿ ‘×10’ ಎಂದು ಸಣ್ಣ ಗುರುತು ಬರುತ್ತದೆ; 156 ಎಂದು ಕಂಡದ್ದು ನಿಜಕ್ಕೆ 1560. ಬಿಸಿಲಿನಲ್ಲಿ ಆ ಗುರುತು ಕಾಣುವುದಿಲ್ಲ. ಏಪ್ರಿಲಿನಲ್ಲಿ 900 ಇದ್ದ ಬಾವಿ ಮೇ ತಿಂಗಳಲ್ಲಿ 156 ಆಗಿ, ಬೇಸಿಗೆಯ ನಡುಮಧ್ಯ ಸಿಹಿಯಾಗಿಬಿಡುತ್ತದೆ. ಪುಸ್ತಕದಲ್ಲಿ ಅಂಕಿಯ ಪಕ್ಕ ‘×10 ಇತ್ತೇ? ಹೌದು / ಇಲ್ಲ’ ಎಂಬ ಮನೆ (ಅಂಕಣ) ಅಚ್ಚು ಹಾಕಿಸಿದ ಮೇಲೆ ಈ ತಪ್ಪು ನಿಂತಿತು. ಅಳಿವೆಯ ನೀರಿಗೆ ಈ ಪೆನ್ನು ಆಗುವುದಿಲ್ಲ, ಅಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರ್ಯಾಕ್ಟೊಮೀಟರ್ ಬೇಕು. ಬಾವಿಗೆ ಅದು ಆಗುವುದಿಲ್ಲ. ಅದರ ಒಂದು ಗೆರೆಯೇ ಲೀಟರಿಗೆ ಸುಮಾರು ಒಂದು ಗ್ರಾಂ ಉಪ್ಪು, ಬಾವಿ ನೀರಿನ 500, 900ರ ವ್ಯತ್ಯಾಸ ಅದರಲ್ಲಿ ಕಾಣುವುದಿಲ್ಲ.

ನೀರು ತೆಗೆಯುವ ಬಗೆಯೂ ಸಾಲಿನಲ್ಲಿ ಸೇರಬೇಕು. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೇಲುತ್ತದೆ. ಕೊಡಪಾನ ಬಿಟ್ಟು ಮೇಲಿನ ನೀರು ಎತ್ತಿದರೆ ಒಂದು ಅಂಕಿ, ತಳದಲ್ಲಿ ಫುಟ್‌ವಾಲ್ವ್ ಇರುವ ಪಂಪಿನ ನಳದಿಂದ ಹಿಡಿದರೆ ಇನ್ನೊಂದು. ದಂಡೆಯ ಮರಳು ನೆಲದಲ್ಲಿ ಸಿಹಿನೀರು ಸಮುದ್ರ ಮಟ್ಟಕ್ಕಿಂತ ಒಂದು ಮೀಟರು ಮೇಲೆ ನಿಂತಿದ್ದರೆ ಕೆಳಗೆ ಸುಮಾರು 40 ಮೀಟರು ಸಿಹಿನೀರು ಇರುತ್ತದೆ ಎಂಬುದು ಹಳೆಯ ಸೂತ್ರ. ಪಂಪು ಹಚ್ಚಿ ಮೇಲೆ ಒಂದು ಗೇಣು ಇಳಿಸಿದರೆ ಕೆಳಗೆ ಉಪ್ಪು ಎಷ್ಟು ಏರಬಹುದು, ಲೆಕ್ಕ ಹಾಕಿ ನೋಡಿ. ಹೀಗಾಗಿ ಅಳತೆ ಬೆಳಿಗ್ಗೆ ಪಂಪು ಹಚ್ಚುವ ಮೊದಲು. ಹಚ್ಚಿಯಾಗಿದ್ದರೆ ಎಷ್ಟು ಹೊತ್ತಿನ ಹಿಂದೆ ಎಂದು ಬರೆಯಬೇಕು. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ಪೆನ್ನಿನ ತುದಿಯ ಗುಳ್ಳೆ ಹೋಗಲು ಅಲುಗಿಸಿ, ಅಂಕಿ ನಿಲ್ಲುವವರೆಗೆ ಅರ್ಧ ಮಿನಿಟು ಕಾಯಬೇಕು.

ತಾರೀಕಿನ ಪಕ್ಕ ತಿಥಿಯ ಮನೆಯನ್ನೂ ಇಟ್ಟಿದ್ದೇವೆ. ಇದು ಸಂಪ್ರದಾಯದ ಮೇಲಿನ ಪ್ರೀತಿಗಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ಭರತ (ಸಮುದ್ರದ ಉಬ್ಬರ) ಜೋರು, ಅಷ್ಟಮಿಗೆ ಮಂದ. ಮೀನುಗಾರರು, ಬಳಚು (ಅಳಿವೆಯ ಚಿಪ್ಪಿನ ಜೀವಿ) ಹೆಕ್ಕುವವರು ದಿನ ಎಣಿಸುವುದೇ ಹಾಗೆ. ತಿಥಿ ಇದ್ದರೆ ಆ ದಿನ ಅಳಿವೆಯಲ್ಲಿ ನೀರು ಹೇಗಿತ್ತು ಎಂಬುದು ಸಾಲು ನೋಡಿದ ಕೂಡಲೇ ತಿಳಿಯುತ್ತದೆ. ತಾರೀಕು 05/06 ಎಂದು ಬರೆದು ಅದು ಜೂನ್ 5 ಆದದ್ದೂ ಇದೆ, ಮೇ 6 ಆದದ್ದೂ ಇದೆ. ಅಂಥ ಕಡೆ ತಿಥಿಯೇ ಸಾಕ್ಷಿ ಹೇಳಿದೆ. ಈಗ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ: 2024-06-05. ಭರತದ ಹೊತ್ತಿಗೆ ಕಾರವಾರ ಬಂದರಿನ ಪಟ್ಟಿ ನೋಡುತ್ತೇವೆ, ಆದರೆ ಅಳಿವೆಯ ಒಳಗೆ ನೀರು ತಡವಾಗಿ ಏರುತ್ತದೆ. ಆ ತಡ ಎಷ್ಟೆಂದು ತಿಳಿಯಲು ಐದೈದು ಸೆಂ.ಮೀ. ಗುರುತಿನ ಬಿದಿರು ನೆಟ್ಟು, ಒಂದು ಹುಣ್ಣಿಮೆಯ ದಿನ ಕಾಲು ಗಂಟೆಗೊಮ್ಮೆ ಓದಿದರೆ ಸಾಕು. ಅಳತೆಯ ಸುತ್ತು ಅಮಾವಾಸ್ಯೆ, ಹುಣ್ಣಿಮೆಗೆ, ಎಲ್ಲರ ಸಭೆ ಅಷ್ಟಮಿ, ನವಮಿಗೆ. ಭರತ ಇಳಿತ ಜೋರಿರುವ ದಿನ ಸಭೆ ಕರೆದರೆ ಬಳಚಿಗೆ ಹೋಗುವ ಹೆಂಗಸರು ಬರುವುದಿಲ್ಲ, ಅವರಿಲ್ಲದ ಸಭೆಯಲ್ಲಿ ಅಳಿವೆಯ ವಿಷಯ ಅರ್ಧವೇ.

ಶೀಟು ಒಂದೇ ಉದ್ದ ಪಟ್ಟಿಯಾದರೆ ಬೇಗ ಕೆಡುತ್ತದೆ. ಮೂರು ಮಾಡಿಕೊಂಡಿದ್ದೇವೆ: ಬಾವಿಗಳದು, ಉಪಕರಣಗಳದು, ಅಳತೆಗಳದು. ಬಾವಿಯ ಆಳ, ಸುತ್ತಿನ ಮಣ್ಣು, ಕಟ್ಟಿದ ಕಲ್ಲು ಒಮ್ಮೆ ಬರೆದರಾಯಿತು. ಅಳತೆಯ ಸಾಲಿನಲ್ಲಿ ಬಾವಿ ನಂಬರು ಸಾಕು. ಒಂದು ಅಳತೆಗೆ ಒಂದೇ ಸಾಲು. ಖಾಲಿ ಬಿಡುವ ಹಾಗಿಲ್ಲ, ಸುಮ್ಮನೆ 0 ಹಾಕುವ ಹಾಗೂ ಇಲ್ಲ: ‘ನೀರಿಲ್ಲ’, ‘ಹೋಗಿಲ್ಲ’, ‘ಪೆನ್ನು ಕೆಟ್ಟಿದೆ’, ಮೂರರಲ್ಲಿ ಒಂದು ಬರೆಯಬೇಕು. ಬತ್ತಿದ ಬಾವಿಗೂ ನಾವು ಹೋಗದ ಬಾವಿಗೂ ಅಜಗಜಾಂತರ. ಕೆಲವು ಹಿರಿಯರು ೬೦೦ ಎಂದು ಕನ್ನಡ ಅಂಕಿ ಬರೆಯುತ್ತಾರೆ. ಪುಸ್ತಕದಲ್ಲಿ ಇರಲಿ, ಚೆಂದವೇ; ಶೀಟಿಗೆ ಹಾಗೇ ಹೋದರೆ ಅದನ್ನು ಅಕ್ಷರ ಎಂದುಕೊಂಡು ಮೊತ್ತದಿಂದ ಬಿಡುತ್ತದೆ, ದೂರೂ ಹೇಳುವುದಿಲ್ಲ.

ವಾಟ್ಸಾಪ್ ಅಂಚೆಪೆಟ್ಟಿಗೆ, ಕಪಾಟಲ್ಲ. ಪುಟದ ಫೋಟೊ ಅದರಲ್ಲಿ ಬರಲಿ, ಆದರೆ ಅದೇ ದಿನ ಕಡತಕ್ಕೆ ಸೇರಬೇಕು. ಫೋಟೊ ಆಗಿ ಕಳಿಸಿದರೆ ಚಿತ್ರದೊಳಗಿನ ಜಾಗ, ಹೊತ್ತು ಅಳಿಸಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತವೆ. ಶೀಟಿಗೆ ಹಾಕುವಾಗ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಟೈಪ್ ಹೊಡೆಯಬೇಕು, ಮೂರನೆಯವರು ಹತ್ತಕ್ಕೆ ಒಂದು ಸಾಲನ್ನು ಪುಸ್ತಕದೊಂದಿಗೆ ತಾಳೆ ನೋಡಬೇಕು. ಮೂಲ ಅಂಕಿ ಯಾವತ್ತೂ ಅಳಿಸುವುದಿಲ್ಲ. ಪಕ್ಕದ ಅಂಕಣದಲ್ಲಿ ತಿದ್ದಿದ ಅಂಕಿ, ಕಾರಣ, ತಿದ್ದಿದವರ ಹೆಸರಿನ ಮೊದಲ ಅಕ್ಷರ. ತಿದ್ದುವ ಹಕ್ಕು ಮೂವರಿಗೆ ಮಾತ್ರ, ನೋಡುವ ಹಕ್ಕು ಎಲ್ಲರಿಗೂ. ತಿಂಗಳಿಗೊಮ್ಮೆ ಶೀಟಿನ ಸಿಎಸ್‌ವಿ (ಬರೀ ಅಕ್ಷರ-ಅಂಕಿಯ ಸರಳ ಕಡತ) ಪ್ರತಿ ಎರಡು ಪೆನ್‌ಡ್ರೈವಿಗೆ. ಅದನ್ನು ಎಕ್ಸೆಲಿನಲ್ಲಿ ನೇರವಾಗಿ ತೆರೆದರೆ ಕನ್ನಡವೆಲ್ಲ ಚಿತ್ರವಿಚಿತ್ರ ಗುರುತಾಗಿ ಕಾಣಬಹುದು. ‘ಡೇಟಾ’ ಮೆನುವಿನಿಂದ ಒಳಗೆ ತಂದು ಯುಟಿಎಫ್-8 ಎಂಬ ಲಿಪಿ ಆಯ್ಕೆ ಆರಿಸಬೇಕು. ಹಳೆಯ ನುಡಿ ಫಾಂಟಿನ ಕಡತಗಳನ್ನು ಯುನಿಕೋಡಿಗೆ ತಿರುಗಿಸದೆ ಹುಡುಕಾಟ ನಡೆಯುವುದಿಲ್ಲ.

ಅಂಕಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ‘ಮನೆಯವರ ಮಾತು’ ಎಂಬ ಮನೆ. ಮೊದಲು ಅಲ್ಲಿ ಚಪ್ಪೆ, ಸವಳು, ಉಪ್ಪು ಎಂದು ಮೂರು ಗುರುತು ಇಟ್ಟಿದ್ದೆವು. ಅದು ತಪ್ಪು. ಜನ ಹೇಳುವುದು ‘ಅಮಾಸೆಯಿಂದ ಚಾ ಒಡೀತದೆ’, ‘ಬ್ಯಾಳೆ ಬೇಯೂದಿಲ್ಲ’ ಎಂದು. ಚಹಾ ಒಡೆಯುವುದು ಉಪ್ಪಿನ ಸುಳಿವು, ಬೇಳೆ ಬೇಯದಿರುವುದು ಗಡಸಿನ ಸುಳಿವು. ಎರಡನ್ನೂ ‘ಸವಳು’ ಎಂದರೆ ಅರ್ಧ ತಿಳಿವಳಿಕೆ ಹೋಯಿತು. ಈಗ ಮಾತನ್ನು ಹಾಗೇ ಬರೆದು, ಗುರುತನ್ನು ಆಮೇಲೆ ಬೇರೆ ಮನೆಯಲ್ಲಿ ಹಾಕುತ್ತೇವೆ. ಗಜನಿಯ (ಅಳಿವೆಯ ಉಪ್ಪುನೀರಿನ ಗದ್ದೆಯ) ರೈತರ ಮಾತಿನಿಂದಲೇ ಇನ್ನೊಂದು ಮನೆ ಸೇರಿತು: ಹತ್ತಿರದ ಕಟ್ಟಿನ ಜಂತ್ರಡಿ (ನೀರು ಬಿಡುವ ಬಾಗಿಲು) ತೆರೆದಿದೆಯೇ, ಮುಚ್ಚಿದೆಯೇ. ಉಪ್ಪು ತಾಳುವ ಕಗ್ಗ ಭತ್ತದ ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಡುತ್ತಾರೆ. ಪಕ್ಕದ ಬಾವಿಯ ಅಂಕಿ ಏರಿದ್ದಕ್ಕೆ ಕಾರಣ ಸಮುದ್ರವೋ ಬಾಗಿಲೋ ಎಂದು ಈ ಮನೆ ಇಲ್ಲದೆ ಹೇಳಲಾಗದು.

ಜೀವಿಗಳ ಹೆಸರಿಗೂ ಇದೇ ಪಾಠ. ಕನ್ನಡದಲ್ಲಿ ಬಳಚು ಎಂದದ್ದನ್ನು ಕೊಂಕಣಿಯವರು ತಿಸ್ರ್ಯೊ ಎನ್ನುತ್ತಾರೆ, ಬಳಚಿನಲ್ಲೇ ಹಲವು ಜಾತಿ. ಯಾವ ಹೆಸರು ಸರಿ ಎಂದು ವಾದಕ್ಕೆ ಕೂರದೆ, ಚಿಪ್ಪಿನ ಒಳಹೊರಗಿನ ಫೋಟೊಗೆ ಒಂದು ನಂಬರು ಕೊಟ್ಟು, ಅದರ ಕೆಳಗೆ ಎಲ್ಲ ಹೆಸರನ್ನೂ ಊರಿನ ಸಮೇತ ಬರೆಯಬೇಕು.

ಹಂಚಿಕೊಳ್ಳುವಾಗ ಮಾತ್ರ ಬಿಗಿ ಬೇಕು. ಅಳಿವೆಯ 4801 ಹೆಕ್ಟೇರು ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿದೆ, ಇಂಥ ಲೆಕ್ಕ ಕೇಳುವವರು ಇರುತ್ತಾರೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಗ್ರಾಮ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಇಡುವ ಜನತಾ ಜೀವವೈವಿಧ್ಯ ದಾಖಲಾತಿಗೂ ನಮ್ಮ ಪಟ್ಟಿಯಿಂದ ಕೆಲವು ಪುಟ ಕೊಡಬಹುದು. ಆದರೆ ಉಪ್ಪು ಬಾವಿಯ ಮನೆ ಎಂದು ಹೆಸರಾದರೆ ಜಾಗದ ಬೆಲೆ ಇಳಿಯುತ್ತದೆ, ಹೆಣ್ಣು ಕೊಡುವವರೂ ಎರಡು ಸಲ ಯೋಚಿಸುತ್ತಾರೆ. ಹೊರಗಿನ ನಕಾಶೆಯಲ್ಲಿ ಮನೆಹೆಸರು ಇರುವುದಿಲ್ಲ, ಜಾಗ ಎರಡು ದಶಮಾಂಶಕ್ಕೆ ಮಾತ್ರ. ಸುಮಾರು ಒಂದು ಕಿಲೋಮೀಟರಿನ ಅಂದಾಜು. ಹೊಳೆ ದಂಡೆಯ ಒಳ್ಳೆಯ ಅಪ್ಪೆಮಿಡಿ ಮರಗಳ ಜಾಗವಂತೂ ಶೀಟಿಗೇ ಹಾಕುವುದಿಲ್ಲ. ಗೊತ್ತಾದ ಮರುವರ್ಷ ಕೊಂಬೆ ಸಮೇತ ಕಡಿದುಕೊಂಡು ಹೋಗುತ್ತಾರೆ. ಯಾವುದೇ ಬಾವಿಯ ಫಲಿತಾಂಶ ಮೊದಲು ಆ ಮನೆಯವರಿಗೆ, ಆಮೇಲೆ ಸಭೆಗೆ.

ಪುಸ್ತಕ ರಟ್ಟಿನ ಹೊದಿಕೆಯದು, ಬರೆಯುವುದು ಪೆನ್ಸಿಲಿನಲ್ಲಿ. ಮೊದಲ ಮಳೆಗೆ ಶಾಯಿ ಹರಡುತ್ತದೆ, ಬಾಲ್‌ಪೆನ್ನು ಒದ್ದೆ ಕಾಗದದ ಮೇಲೆ ಜಾರುತ್ತದೆ. ಪೆನ್ಸಿಲಿಗೆ ದಾರ ಕಟ್ಟಿ ಪುಸ್ತಕದ ಬೆನ್ನಿಗೆ ಹೊಲಿದಿಡಿ. ಬಾವಿಗೆ ಬಿದ್ದ ಪೆನ್ಸಿಲುಗಳನ್ನು ಎಣಿಸುವ ಶೀಟು ನಾವು ಮಾಡಿಲ್ಲ.