ಐಸ್ ಮುಚ್ಚಿಟ್ಟ ಸಡಿಲ: ಹಾರ್ಡ್ ಬೂಟ್ ಸ್ನೋಬೋರ್ಡ್ ಬೈಂಡಿಂಗ್ ಹೊಂದಿಸಿಕೊಂಡ ನನ್ನ ಅನುಭವ

ಹಿಂದಿನ ಕಾಲು ಸ್ನೋಬೋರ್ಡಿನ ಬೈಂಡಿಂಗ್‌ನಿಂದ, ಅಂದರೆ ಬೂಟನ್ನು ಬೋರ್ಡಿಗೆ ಹಿಡಿದಿಡುವ ಕಟ್ಟಿನಿಂದ, ಕಳಚಿಕೊಂಡಿದ್ದು ಗೊತ್ತಾಗುವಷ್ಟರಲ್ಲಿ ನಾನು ಬಿದ್ದಾಗಿತ್ತು. ಗಟ್ಟಿ ಹಿಮದ ಇಳಿಜಾರು, ಹಿಮ್ಮಡಿ ಕಡೆಯ ತಿರುವು, ಒಳ್ಳೆಯ ವೇಗ. ಕಾಲಡಿಯಲ್ಲಿ ‘ಟಪ್’ ಅಂತ ಒಂದು ಸದ್ದು. ಬೋರ್ಡು ಮುಂದಿನ ಕಾಲನ್ನಷ್ಟೇ ಹಿಡಿದುಕೊಂಡು ಗಿರ್ರನೆ ತಿರುಗಿತು. ಅದರ ಜೊತೆಗೆ ಮೊಣಕಾಲೂ ತಿರುಗಿತು. ಹಿಂದೆ ಬರುತ್ತಿದ್ದ ಗೆಳೆಯ ನಿಂತು ನೋಡಿ, “ಲಿವರ್ ಬಿಚ್ಚಿಕೊಂಡಿದೆ ಕಣೋ. ಸರಿಯಾಗಿ ಹಾಕಿರಲಿಲ್ವಾ?” ಅಂದ.

ಹಾಕಿದ್ದೆ. ಬಿಗಿಯಾಗೇ ಹಾಕಿದ್ದೆ. ಬೂಟನ್ನು ಬಿಗಿಯುವ ಆ ಲಿವರನ್ನು ಹೊರಡುವ ಮುಂಚೆ ಅಂಗೈ ಕೊಟ್ಟು ಒತ್ತಿ ಮುಚ್ಚಿದ್ದು ಚೆನ್ನಾಗಿ ನೆನಪಿತ್ತು. ಹಾಗಾದರೆ ಬಿಚ್ಚಿಕೊಂಡಿದ್ದು ಹೇಗೆ? ಮೊಣಕಾಲಿನ ಊತ ಇಳಿಯಲು ಆರು ವಾರ ಹಿಡಿಯಿತು. ಅಷ್ಟೂ ದಿನ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಇದೇ ಪ್ರಶ್ನೆ.

ಸ್ಕೀ ಬೈಂಡಿಂಗ್ ಬೇರೆ, ಗಟ್ಟಿ ಪ್ಲಾಸ್ಟಿಕ್ ಬೂಟಿಗೆ (ಹಾರ್ಡ್ ಬೂಟ್) ಹಾಕುವ ನಮ್ಮ ಪ್ಲೇಟ್ ಬೈಂಡಿಂಗ್ ಬೇರೆ. ಸ್ಕೀ ಬೈಂಡಿಂಗ್ ಬಲ ಮಿತಿ ಮೀರಿದಾಗ ತಾನಾಗೇ ಬೂಟನ್ನು ಬಿಟ್ಟುಬಿಡಬೇಕು, ಅದರ ಕೆಲಸವೇ ಅದು. ಹಾರ್ಡ್ ಬೂಟ್ ಬೋರ್ಡಿನಲ್ಲಿ ಎರಡು ಕಾಲೂ ಒಂದೇ ಹಲಗೆಗೆ ಕಟ್ಟಿರುತ್ತವೆ. ಒಂದು ಬಿಟ್ಟು ಇನ್ನೊಂದು ಉಳಿದರೆ, ಉಳಿದ ಕಾಲಿನ ಮೇಲೆ ಬೋರ್ಡು ಒಂದು ಉದ್ದನೆಯ ಸನ್ನೆಕೋಲಿನ ಹಾಗೆ ತಿರುಚುತ್ತದೆ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಜೆಕ್ ಆಟಗಾರ್ತಿ ಎಸ್ತರ್ ಲೆಡೆಕ್ಕಾ ಸ್ಕೀಯಿಂಗ್‌ನ ಸೂಪರ್-ಜಿ ಮತ್ತು ಸ್ನೋಬೋರ್ಡಿನ ಪ್ಯಾರಲಲ್ ಜೈಂಟ್ ಸ್ಲಾಲಮ್ ಎರಡರಲ್ಲೂ ಚಿನ್ನ ಗೆದ್ದರು. ಎರಡಕ್ಕೂ ಬೂಟು ಗಟ್ಟಿ ಪ್ಲಾಸ್ಟಿಕ್‌ನದೇ. ಆದರೆ ಒಂದರಲ್ಲಿ ಬೈಂಡಿಂಗ್ ಸಮಯಕ್ಕೆ ಬಿಡಬೇಕು, ಇನ್ನೊಂದರಲ್ಲಿ ಬಿಡಲೇಬಾರದು.

ಬಿದ್ದ ದಿನವೇ ಒಂದು ಸುಳಿವು ಸಿಕ್ಕಿತ್ತು. ಕಳಚಿದ ಬೂಟನ್ನು ತಿರುಗಿಸಿ ನೋಡಿದೆ. ಹಿಮ್ಮಡಿ ಅಡಿಯಲ್ಲಿ ಅರ್ಧ ಭಾಗಕ್ಕೆ ನಾಣ್ಯದಷ್ಟು ದಪ್ಪದ ಐಸ್ ಮೆತ್ತಿಕೊಂಡಿತ್ತು, ಗಾಜಿನ ಹಾಗೆ ನುಣುಪಾಗಿ. ಇನ್ನರ್ಧ ಬರೀ ಪ್ಲಾಸ್ಟಿಕ್. ಎರಡರ ನಡುವೆ ಮುರಿದ ಅಂಚು, ಹೊಸದಾಗಿ ಮುರಿದದ್ದು.

ಮನೆಯಲ್ಲಿ ಕೂತು ಬೂಟಿನ ಬದಿ ನೋಡಿದಾಗ ಉಳಿದದ್ದು ತಿಳಿಯಿತು. ಅಟ್ಟೆಯ ಉದ್ದ ಎಷ್ಟು ಮಿಲಿಮೀಟರ್ ಅಂತ ಹಿಮ್ಮಡಿ ಹತ್ತಿರ ಅಚ್ಚು ಹಾಕಿರುತ್ತಾರೆ. ಹಳೆಯ ಬೂಟಿನದು 308, ಹೊಸದರದು 304. ಸೈಜ್ ಒಂದೇ, ಕಂಪನಿ ಬೇರೆ. ಸೈಜ್ ಒಂದೇ ಅಂತ ನಾನು ಬೈಂಡಿಂಗ್ ಮುಟ್ಟಿರಲೇ ಇಲ್ಲ. ಬರೀ 4 ಮಿಲಿಮೀಟರ್ ಸಡಿಲ. ಆ ಸಡಿಲವನ್ನು ಐಸ್ ತುಂಬಿತ್ತು. ಹಿಮ್ಮಡಿ ಮೇಲೆದ್ದಿದ್ದರಿಂದ ಬೂಟನ್ನು ಹಿಡಿಯುವ ತಂತಿಯ ಕೊಂಡಿ ಬಿಗಿಯಾಯಿತು, ಲಿವರ್ ಗಟ್ಟಿಯಾಗಿ ಮುಚ್ಚಿತು, ನನಗೆ ಸಮಾಧಾನವಾಯಿತು. ಕೆಳಗೆ ಬರುವಾಗ ಐಸ್ ಒಡೆದು ಉದುರಿತು. ಬಿಗಿತವೂ ಅದರ ಜೊತೆ ಹೋಯಿತು. ಅಂಗೈಗೆ ಸಿಕ್ಕಿದ್ದ ಬಿಗಿತ ಬೈಂಡಿಂಗ್‌ನದಲ್ಲ, ಐಸಿನದು.

ಇದನ್ನು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ. ಲಿವರ್ ಎಷ್ಟು ಗಟ್ಟಿಯಾಗಿ ಮುಚ್ಚುತ್ತದೆ ಅನ್ನುವುದನ್ನೇ ನಾವೆಲ್ಲ ಅಳತೆಗೋಲು ಮಾಡಿಕೊಂಡಿರುತ್ತೇವೆ. ಆದರೆ ನೋಡಬೇಕಾದದ್ದು ಬೂಟಿನ ಮೇಲೆ ಭಾರ ಬಿದ್ದು ಅದು ಬಾಗಿದಾಗ ಕೊಂಡಿ ಎಲ್ಲಿರುತ್ತದೆ ಅನ್ನುವುದನ್ನು.

ಈಗ ನಾನು ಹೊಂದಿಸುವ ರೀತಿ ಹೇಳುತ್ತೇನೆ. ನನ್ನದು ಬೇಲ್ ಇರುವ ಬೈಂಡಿಂಗ್. ಬೇಲ್ ಅಂದರೆ ಉಕ್ಕಿನ ದಪ್ಪ ತಂತಿಯ ಕೊಂಡಿ. ಹಿಂದೆ ಒಂದು, ಮುಂದೆ ಒಂದು. ಮುಂದಿನದಕ್ಕೆ ಲಿವರ್ ಇರುತ್ತದೆ. ಮೊದಲು ಬೂಟಿನ ಅಟ್ಟೆಯನ್ನು ತೊಳೆದು ಒರೆಸುತ್ತೇನೆ. ಕೊಂಡಿ ಕೂರುವ ಅಟ್ಟೆಯಂಚಿನ ತುಟಿ ಸವೆದಿದೆಯಾ ಅಂತ ಬೆರಳಾಡಿಸಿ ನೋಡುತ್ತೇನೆ. ಕಾಂಕ್ರೀಟಿನ ಮೇಲೆ ನಡೆದೂ ನಡೆದೂ ಅಟ್ಟೆ ತೆಳ್ಳಗಾಗುತ್ತದೆ. ಅಟ್ಟೆ ತೆಳ್ಳಗಾದಷ್ಟೂ ತುಟಿ ಕೆಳಗಿಳಿಯುತ್ತದೆ, ಕೊಂಡಿ ಸಡಿಲವಾಗುತ್ತದೆ. ತುಂಬ ಬೂಟುಗಳಲ್ಲಿ ಮುಂದಿನ ಹಿಂದಿನ ಅಟ್ಟೆ ತುಂಡುಗಳನ್ನು ಸ್ಕ್ರೂ ಬಿಚ್ಚಿ ಬದಲಾಯಿಸಬಹುದು. ಆ ಸ್ಕ್ರೂಗಳೇ ಸಡಿಲವಾಗಿರುವುದೂ ಉಂಟು. ಬೈಂಡಿಂಗ್ ಎಷ್ಟು ಬಿಗಿ ಮಾಡಿದರೂ ಅಟ್ಟೆಯೇ ಅಲುಗಾಡುತ್ತಿದ್ದರೆ ಏನು ಬಂತು?

ಆಮೇಲೆ ಬ್ಲಾಕ್‌ಗಳು, ಅಂದರೆ ಕೊಂಡಿಗಳನ್ನು ಹಿಡಿದಿರುವ, ಹಿಂದೆ ಮುಂದೆ ಸರಿಸಬಹುದಾದ ತುಂಡುಗಳು. ಬೂಟು ಚಿಕ್ಕದಾಯಿತು ಅಂತ ಹಿಂದಿನ ಬ್ಲಾಕನ್ನು ಮಾತ್ರ ಮುಂದಕ್ಕೆ ತಂದರೆ ಬೂಟು ಬೋರ್ಡಿನ ನಡುವೆ ಕೂರುವುದಿಲ್ಲ. ಕಾಲ್ಬೆರಳಿನ ಕಡೆ ಹೊರಚಾಚುತ್ತದೆ, ಬೋರ್ಡು ಜಾಸ್ತಿ ವಾಲಿದಾಗ ಬೂಟಿನ ಮೂತಿ ಹಿಮಕ್ಕೆ ಉಜ್ಜುತ್ತದೆ. ಬೂಟಿನ ಕೋನವನ್ನು, ಬೋರ್ಡಿನ ಅಡ್ಡಗೆರೆಯಿಂದ ಅಳೆದು, ನಾನು ಮುಂದಿನ ಕಾಲಿಗೆ 60 ಡಿಗ್ರಿ, ಹಿಂದಿನದಕ್ಕೆ 55 ಇಟ್ಟುಕೊಂಡಿದ್ದೇನೆ. ಇಷ್ಟು ಕೋನದಲ್ಲಿ ಉಜ್ಜುವುದು ಕಡಿಮೆ, ಆದರೂ ಎರಡೂ ಬ್ಲಾಕ್‌ಗಳನ್ನು ಸಮನಾಗಿ ಸರಿಸುತ್ತೇನೆ.

ಬ್ಲಾಕ್ ಸರಿಸುವುದು ಒರಟು ಹೊಂದಾಣಿಕೆ, ತೂತಿನಿಂದ ತೂತಿಗೆ ನೆಗೆಯುತ್ತದೆ. ನಯವಾದ ಹೊಂದಾಣಿಕೆಗೆ ನನ್ನ ಬೈಂಡಿಂಗ್‌ನಲ್ಲಿ ಲಿವರ್ ಹತ್ತಿರವೇ ಸ್ಕ್ರೂ ಇದೆ. ನಿಮ್ಮದರಲ್ಲಿ ಬೇರೆ ಕಡೆ ಇರಬಹುದು, ತಯಾರಕರ ಕೈಪಿಡಿ ನೋಡಿ. ನಾನು ಅರ್ಧ ಸುತ್ತು ತಿರುಗಿಸುತ್ತೇನೆ, ಬೂಟು ಹಾಕುತ್ತೇನೆ, ಮುಚ್ಚುತ್ತೇನೆ, ಮತ್ತೆ ಅರ್ಧ ಸುತ್ತು. ಹಳೆಯ ಟ್ರಂಕಿನ ಕ್ಲಿಪ್ ನೋಡಿದ್ದೀರಲ್ಲ, ಈ ಲಿವರ್ ಕೆಲಸ ಮಾಡುವುದು ಹಾಗೇ. ಅರ್ಧ ದಾರಿವರೆಗೆ ಎದುರು ತಳ್ಳುತ್ತದೆ. ನಡು ದಾಟಿದ ಕೂಡಲೇ ತಾನಾಗೇ ಆ ಕಡೆ ಬಿದ್ದು ಕೂರುತ್ತದೆ. ಅಲ್ಲಿಂದ ಮುಂದೆ ಕೊಂಡಿಯನ್ನು ಎಷ್ಟು ಎಳೆದರೂ ಲಿವರ್ ಇನ್ನಷ್ಟು ಮುಚ್ಚಿಕೊಳ್ಳುತ್ತದೆಯೇ ಹೊರತು ತೆರೆಯುವುದಿಲ್ಲ. ಸಡಿಲವಾಗಿದ್ದರೆ ಆ ನಡು ದಾಟುವ ಏಟೇ ಕೈಗೆ ಸಿಗುವುದಿಲ್ಲ, ಲಿವರ್ ಸುಮ್ನೆ ಹೋಗಿ ಒರಗುತ್ತದೆ. ಇನ್ನೊಂದು ತೊಂದರೆಯೂ ಇದೆ. ಕೆಲವು ಬೂಟುಗಳ ಮೂತಿ ದಪ್ಪ. ಲಿವರ್ ನಡು ದಾಟುವ ಮೊದಲೇ ಮೂತಿಗೆ ತಾಗಿ ನಿಂತುಬಿಡುತ್ತದೆ. ಮೇಲಿನಿಂದ ನೋಡಿದರೆ ಮುಚ್ಚಿದ ಹಾಗೇ ಕಾಣುತ್ತದೆ. ಪಕ್ಕಕ್ಕೆ ಬಗ್ಗಿ ನೋಡಬೇಕು.

ಈಗ ನನಗೆ ಮುಖ್ಯ ಅನ್ನಿಸುವ ಪರೀಕ್ಷೆ. ಬೋರ್ಡನ್ನು ಕಂಬಳಿ ಮೇಲೆ ಇಟ್ಟು ಎರಡು ಕಾಲೂ ಹಾಕಿಕೊಳ್ಳುತ್ತೇನೆ. ಮುಚ್ಚುವ ಮೊದಲೇ ಮುಂದಿನ ಕೊಂಡಿ ಮತ್ತು ಬೂಟಿನ ತುಟಿಯ ನಡುವೆ ಎರಡು ಬದಿಗೂ ಒಂದೊಂದು ಕಾಗದದ ಪಟ್ಟಿ ಸಿಕ್ಕಿಸುತ್ತೇನೆ. ಗೆಳೆಯ ಎದುರು ಕೂತು ನನ್ನ ಎರಡು ಕೈ ಹಿಡಿದುಕೊಳ್ಳುತ್ತಾನೆ. ನಾನು ಹಿಮ್ಮಡಿ ಕಡೆಗೆ ಪೂರ್ತಿ ಭಾರ ಬಿಟ್ಟು ವಾಲುತ್ತೇನೆ, ಬೋರ್ಡಿನ ಒಂದು ಅಂಚು ಮೇಲೇಳುವಷ್ಟು. ಆಗ ಅವನು ಒಂದು ಕೈ ಬಿಡಿಸಿಕೊಂಡು ಪಟ್ಟಿ ಎಳೆದು ನೋಡುತ್ತಾನೆ. ಕಾಗದ ಹರಿದರೆ ಸರಿ. ಜಾರಿ ಬಂದರೆ ಸಡಿಲ. ಮೊದಲ ಸಲ ಮಾಡಿದಾಗ ಎಡ ಬದಿಯ ಪಟ್ಟಿ ಹರಿಯಿತು, ಬಲ ಬದಿಯದು ನುಣ್ಣಗೆ ಬಂದುಬಿಟ್ಟಿತು. ಕೊಂಡಿ ಒಂದು ಕಡೆ ಮಾತ್ರ ಹಿಡಿದಿತ್ತು! ಬಗ್ಗಿ ನೋಡಿದರೆ ತಂತಿ ಕಣ್ಣಿಗೆ ಕಾಣುವ ಹಾಗೆ ಓರೆಯಾಗಿತ್ತು. ಆಮೇಲೆ ಹಿಂದಿನ ಕೊಂಡಿಗೂ ಹೀಗೇ ಮಾಡುತ್ತೇನೆ, ಈ ಸಲ ಬೆರಳಿನ ಕಡೆಗೆ ವಾಲಿ. ಬೆರಳಿನ ಕಡೆಯ ತಿರುವಿನಲ್ಲಿ ಹಿಮ್ಮಡಿ ಮೇಲಕ್ಕೆ ಎಳೆಯುತ್ತದೆ, ಹಾಗಾಗಿ ಆ ಕೊಂಡಿಗೇ ಕೆಲಸ ಜಾಸ್ತಿ.

ಓರೆಯಾಗಿದ್ದ ಕೊಂಡಿಯನ್ನು ಬದಲಾಯಿಸಿದೆ, ಬಗ್ಗಿಸಿ ನೇರ ಮಾಡಲು ಹೋಗಲಿಲ್ಲ. ಒಮ್ಮೆ ಬಗ್ಗಿದ ತಂತಿಯನ್ನು ಮತ್ತೆ ಬಗ್ಗಿಸಿದರೆ ಅದು ಅಲ್ಲೇ ದಣಿಯುತ್ತದೆ. ತಿರುವಿನ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಕಂಡರೂ ಆ ಕೊಂಡಿ ಕಸದ ಬುಟ್ಟಿಗೆ.

ಬಿದ್ದ ಭಯಕ್ಕೆ ಒಂದು ಸಲ ಅತಿ ಬಿಗಿಯನ್ನೂ ಮಾಡಿಕೊಂಡಿದ್ದೆ. ಲಿವರ್ ಮುಚ್ಚಲು ಎರಡು ಕೈ, ಮೇಲೆ ಮೊಣಕಾಲಿನ ಭಾರ. ಎರಡೇ ದಿನದಲ್ಲಿ ತುಟಿಯ ಪ್ಲಾಸ್ಟಿಕ್ ಮೇಲೆ ತಂತಿಯ ಗುರುತು ಆಳವಾಗಿ ಕೊರೆಯಿತು. ಗುಂಡಿ ಬಿದ್ದಷ್ಟೂ ಕೊಂಡಿ ಕೆಳಗಿಳಿದು ಮತ್ತೆ ಸಡಿಲ! ಈಗ ಒಂದೇ ಅಂಗೈಯಲ್ಲಿ, ಗಟ್ಟಿಯಾಗಿ ಆದರೆ ಗುದ್ದದೆ ಮುಚ್ಚುವಷ್ಟು ಬಿಗಿ ಇಡುತ್ತೇನೆ. ಕಾಗದ ಹರಿಯಲು ಅಷ್ಟು ಸಾಕು.

ಮನೆಯ ಬೆಚ್ಚಗಿನ ಕೋಣೆಯಲ್ಲಿ ಹೊಂದಿಸಿದ್ದು ಚಳಿಯಲ್ಲಿ ಹಾಗೇ ಇರುತ್ತದೆ ಅಂತ ನಂಬಬೇಡಿ. ಪ್ಲಾಸ್ಟಿಕ್ ಚಳಿಗೆ ಕುಗ್ಗುತ್ತದೆ, ಬಿರುಸಾಗುತ್ತದೆ. ಬೂಟು ಮತ್ತು ಬೋರ್ಡನ್ನು ಅರ್ಧ ಗಂಟೆ ಹೊರಗಿಟ್ಟು, ಆಮೇಲೆ ಕಾಗದದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುತ್ತೇನೆ. ಹೆಚ್ಚಿನ ಸಲ ಸ್ಕ್ರೂವನ್ನು ಇನ್ನೂ ಕಾಲು ಭಾಗ ಸುತ್ತು ತಿರುಗಿಸಬೇಕಾಗುತ್ತದೆ.

ಬೋರ್ಡಿಗೆ ಹಾಕುವ ಎಂ6 (6 ಮಿಲಿಮೀಟರ್) ಬೋಲ್ಟ್‌ಗಳಿಗೆ ಮಧ್ಯಮ ಬಲದ ನೀಲಿ ಥ್ರೆಡ್‌ಲಾಕರ್, ಅಂದರೆ ಬೋಲ್ಟ್ ಸಡಿಲವಾಗದ ಹಾಗೆ ಹಿಡಿದಿಡುವ ಅಂಟು, ಒಂದು ಹನಿ ಹಾಕುತ್ತೇನೆ. ಪ್ಲಾಸ್ಟಿಕ್ ಭಾಗದ ಹತ್ತಿರ ಮಾತ್ರ ಹಾಕುವುದಿಲ್ಲ, ಕೆಲವು ಪ್ಲಾಸ್ಟಿಕ್‌ಗಳು ಅದರಿಂದ ಬಿರುಕು ಬಿಡುತ್ತವೆ.

ಗೆಳೆಯನದು ಸ್ಟೆಪ್-ಇನ್, ತುಳಿದರೆ ತಾನೇ ಕೂರುವ ಬೈಂಡಿಂಗ್. ಬೂಟಿನ ಹಿಮ್ಮಡಿಯಿಂದ ಎರಡು ಬದಿಗೂ ಪಿನ್ ಹೊರಬಂದು ಬೈಂಡಿಂಗ್‌ನ ತೂತಿನಲ್ಲಿ ಕೂರುತ್ತದೆ. ಅವನ ಕಷ್ಟ ಬೇರೆ: ತೂತಿನಲ್ಲಿ ಹಿಮ ತುಂಬಿದ್ದರೆ ಒಂದು ಪಿನ್ ಪೂರ್ತಿ ಹೊರಬರುವುದಿಲ್ಲ, ಆದರೂ ‘ಕ್ಲಿಕ್’ ಕೇಳಿಸುತ್ತದೆ. ಪಿನ್ ಎಳೆಯುವ ಕೇಬಲ್ ತೀರಾ ಬಿಗಿಯಿದ್ದರೂ ಇದೇ ಗತಿ. ಬೂಟು ಮುಂದಕ್ಕೆ ಬಾಗಿದಾಗ ಕೇಬಲ್ ತಾನೇ ಪಿನ್ನನ್ನು ಒಳಗೆಳೆದುಬಿಡಬಹುದು. ಅವನು ಈಗ ಕೇಬಲ್‌ಗೆ ಸ್ವಲ್ಪ ಸಡಿಲ ಬಿಟ್ಟಿದ್ದಾನೆ. ಎರಡು ಪಿನ್ನನ್ನೂ ಕಣ್ಣಲ್ಲಿ ನೋಡಿಯೇ ಹೊರಡುತ್ತಾನೆ.

ಈಗ ಪ್ರತಿ ಸಲ ಲಿಫ್ಟ್‌ನಿಂದ ಇಳಿದ ಮೇಲೆ ನನಗೆ ಒಂದು ನಿಮಿಷ ಜಾಸ್ತಿ ಬೇಕು. ಹಳೆಯ ಪ್ಲಾಸ್ಟಿಕ್ ಸ್ಕ್ರೇಪರ್ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಬೂಟನ್ನು ತಿರುಗಿಸಿ ಅಟ್ಟೆ ಕೆರೆಯುತ್ತೇನೆ, ಬೈಂಡಿಂಗ್‌ನ ಹಿಮ್ಮಡಿ ಜಾಗವನ್ನೂ ಕೆರೆಯುತ್ತೇನೆ. ಕೊಂಡಿ ಹಾಕಿ ಲಿವರ್ ಮುಚ್ಚುತ್ತೇನೆ, ಪ್ಯಾಂಟಿನ ಅಂಚು ಅದಕ್ಕೆ ಸಿಕ್ಕಿಲ್ಲ ಅಂತ ನೋಡುತ್ತೇನೆ. ಆಮೇಲೆ ಕಾಲನ್ನು ಜೋರಾಗಿ ಅಲ್ಲಾಡಿಸಿ, ನಾಲ್ಕೈದು ಸಲ ಕುಪ್ಪಳಿಸಿ, ಲಿವರನ್ನು ಮತ್ತೆ ಮುಟ್ಟುತ್ತೇನೆ. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕುಪ್ಪಳಿಸಿದ ಮೇಲೆ ಮುಟ್ಟಿದರೆ, ಲಿವರ್ ಬೆರಳ ತುದಿಗೇ ಅಲುಗಾಡಿತು. ಬಿಚ್ಚಿ ನೋಡಿದೆ. ಎಷ್ಟು ಕೆರೆದಿದ್ದರೂ ಅಟ್ಟೆಯ ಸಂದಿನೊಳಗೆ ತೆಳ್ಳಗೆ ಐಸ್ ಉಳಿದಿತ್ತು, ಒಂದು ತುದಿ ಆಗಲೇ ಒಡೆದಿತ್ತು.