ಹಳೆಯ ಪಿಕಪ್‌ಗೆ ಎಷ್ಟು ಲೋಡ್ ಹಾಕಬಹುದು?

ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸಲು ಹಳೆಯ ಪಿಕಪ್ ಕೊಳ್ಳುವವರು ಅದರ ಸಾಮರ್ಥ್ಯವನ್ನು ಮಾರುವವರ ಬಾಯಿಮಾತಿನಿಂದಲ್ಲ, ಆರ್‌ಸಿಯಿಂದ (ವಾಹನದ ನೋಂದಣಿ ಪತ್ರದಿಂದ) ಲೆಕ್ಕ ಹಾಕಬೇಕು. ಅದರಲ್ಲಿ ನಮೂದಾಗಿರುವ ಒಟ್ಟು ತೂಕದಿಂದ ಖಾಲಿ ವಾಹನದ ತೂಕವನ್ನು ಕಳೆದರೆ ಉಳಿಯುವುದೇ ಲೋಡಿನ ಮಿತಿ. ಚಾಲಕ, ಕೂಲಿಯಾಳು ಮತ್ತು ಖಾಲಿ ಕ್ರೇಟುಗಳ ತೂಕವೂ ಅದರೊಳಗೇ ಸೇರುತ್ತದೆ. 2005ರಲ್ಲಿ ಬಂದ ಟಾಟಾ ಏಸ್ ಸುಮಾರು 750 ಕಿಲೊ ಹೊರುತ್ತಿತ್ತು, ಅಂದರೆ 15 ಕಿಲೊ ಹಣ್ಣಿನ ಬಾಕ್ಸುಗಳು ಐವತ್ತಕ್ಕೂ ಕಡಿಮೆ. 2023ರಲ್ಲಿ ಬಂದ ಬೊಲೆರೊ ಮ್ಯಾಕ್ಸ್ ಪಿಕಪ್‌ನ ದೊಡ್ಡ ಮಾದರಿ 2 ಟನ್‌ವರೆಗೆ ಹೊರುತ್ತದೆ.

ಈ ಏರಿಕೆ ಎಂಜಿನ್ ಒಂದರಿಂದಲೇ ಬಂದದ್ದಲ್ಲ. ಚಾಸಿ, ಆಕ್ಸಲ್, ಬ್ರೇಕ್, ಟೈರ್ ಎಲ್ಲವೂ ಒಟ್ಟಿಗೆ ಗಟ್ಟಿಯಾಗಬೇಕು. ಹಳೆಯ ಗಾಡಿಗೆ ಒಂದೆರಡು ಸ್ಪ್ರಿಂಗ್ ಪಟ್ಟಿಗಳನ್ನು ಸೇರಿಸಿದರೆ ಹಿಂಭಾಗ ಕುಸಿಯದಿರಬಹುದು, ಆದರೆ ಬ್ರೇಕಿನ ಶಕ್ತಿ ಎಳ್ಳಷ್ಟೂ ಹೆಚ್ಚುವುದಿಲ್ಲವಾದ್ದರಿಂದ ಈ ಪದ್ಧತಿ ನನಗಂತೂ ಒಪ್ಪಿಗೆಯಿಲ್ಲ.

ಗಾಡಿ ನೋಡಲು ಹೋದಾಗ ಕೆಳಗೆ ಬಗ್ಗಿ, ಪಟ್ಟಿಗಳಲ್ಲಿ ಬಿರುಕು, ಚಾಸಿಯ ಮೇಲೆ ಹೊಸ ಬಣ್ಣದಡಿ ಅಡಗಿರುವ ವೆಲ್ಡಿಂಗ್ ಗುರುತು, ಹಿಂದಿನ ಟೈರುಗಳಲ್ಲಿ ಏರುಪೇರಾದ ಸವೆತ ಇವೆಯೇ ಎಂದು ಪರೀಕ್ಷಿಸಿ. ಕೊಂಡ ಬಳಿಕ ಮೊದಲ ಲೋಡನ್ನು ವೇಬ್ರಿಡ್ಜ್‌ನಲ್ಲಿ ತೂಗಿಸಿ. ಬಾಕ್ಸುಗಳನ್ನು ಹಿಂಬಾಗಿಲಿನ ಬಳಿ ಪೇರಿಸದೆ ಕ್ಯಾಬಿನ್ ಕಡೆಯಿಂದ ಜೋಡಿಸುತ್ತಾ ಬನ್ನಿ.